ಫೋಲೇಟ್ ಮತ್ತು ಗರ್ಭಿಣಿಯರ ಆಹಾರ: ಮುಂಬೈ ಸಂಶೋಧನೆಯ ಚರಿತ್ರೆ

ಹಸಿರು ಸೊಪ್ಪು ಮತ್ತು ಬೇಳೆಕಾಳುಗಳಲ್ಲಿ ಹೇರಳವಾಗಿರುವ ಫೋಲೇಟ್, ಬಿ ಗುಂಪಿಗೆ ಸೇರಿದ ಜೀವಸತ್ವ. ರಕ್ತಕಣಗಳು ಸರಿಯಾಗಿ ರೂಪುಗೊಳ್ಳಲು ಇದು ಬೇಕು. ಇಂಥದೊಂದು ಅಂಶ ಆಹಾರದಲ್ಲಿದೆ ಎಂಬ ಮೊದಲ ಗಟ್ಟಿ ಸುಳಿವು ದೊರೆತದ್ದು ಮುಂಬೈಯಲ್ಲಿ, 1930ರ ಆಸುಪಾಸಿನಲ್ಲಿ.

ಇಂಗ್ಲೆಂಡಿನ ವೈದ್ಯೆ ಲೂಸಿ ವಿಲ್ಸ್ (1888–1964) ವೈದ್ಯಕೀಯಕ್ಕೆ ಮೊದಲು ಕೇಂಬ್ರಿಜ್‌ನಲ್ಲಿ ಸಸ್ಯಶಾಸ್ತ್ರ ಮತ್ತು ಭೂವಿಜ್ಞಾನ ಓದಿದ್ದವರು. ಜವಳಿ ಗಿರಣಿಗಳಲ್ಲಿ ದುಡಿಯುತ್ತಿದ್ದ ಗರ್ಭಿಣಿಯರನ್ನು ಬಲಿ ತೆಗೆದುಕೊಳ್ಳುತ್ತಿದ್ದ ತೀವ್ರ ರಕ್ತಹೀನತೆಯ ಕಾರಣ ಹುಡುಕಲು 1928ರಲ್ಲಿ ಅವರು ಮುಂಬೈಗೆ ಬಂದರು. ನೆಲೆ, ಪರೇಲದ ಹಾಫ್‌ಕಿನ್ ಸಂಸ್ಥೆ. ಈ ಕಾಯಿಲೆಯಲ್ಲಿ ಕೆಂಪು ರಕ್ತಕಣಗಳು ಗಾತ್ರದಲ್ಲಿ ಹಿಗ್ಗಿ, ಸಂಖ್ಯೆಯಲ್ಲಿ ಕುಗ್ಗುತ್ತಿದ್ದವು. ವಿಲ್ಸ್ ಈ ಹೆಂಗಸರ ತಟ್ಟೆಯನ್ನು ನೋಡಿದರು. ಎಸ್. ಎನ್. ತಲ್ಪಡೆ ಅವರೊಂದಿಗೆ ನಗರದ ಬೇರೆ ಬೇರೆ ವರ್ಗಗಳ ಹೆಂಗಸರ ಊಟ ಮತ್ತು ವಾಸಸ್ಥಿತಿಯ ಸಮೀಕ್ಷೆ ನಡೆಸಿ 1930ರಲ್ಲಿ ಪ್ರಕಟಿಸಿದರು. ಆಹಾರ ಅತಿ ಕಳಪೆಯಾಗಿದ್ದ ಬಡ ಮುಸ್ಲಿಂ ಹೆಂಗಸರಲ್ಲೇ ರಕ್ತಹೀನತೆ ಹೆಚ್ಚೆಂದು ಕಂಡುಬಂತು.

ಮುಂದಿನ ಘಟ್ಟವನ್ನು ಜನಪ್ರಿಯ ಬರಹಗಳು ಸರಳಗೊಳಿಸುತ್ತವೆ. ಕೂನೂರಿನಲ್ಲಿ ಇಲಿಗಳಿಗೆ ಈ ಹೆಂಗಸರದೇ ಆಹಾರ ಕೊಟ್ಟಾಗ ಇಲಿಗಳೂ ರಕ್ತಹೀನವಾದವು, ಯೀಸ್ಟ್ ಸೇರಿಸಿದಾಗ ಕಾಯಿಲೆ ತಪ್ಪಿತು ಎಂಬ ಕಥೆಯನ್ನು ಈಗಲೂ ಪುರಾವೆಯಾಗಿ ಮುಂದಿಡಲಾಗುತ್ತದೆ. ಆದರೆ ಹೇನಿನಿಂದ ಹರಡುವ ಬಾರ್ಟೊನೆಲ್ಲಾ ಸೋಂಕು ಆ ಇಲಿಗಳ ರಕ್ತಹೀನತೆಗೆ ಕಾರಣವಾಗಿರಬಹುದೆಂದು ತಿಳಿದ ಮೇಲೆ ಆ ಪ್ರಯೋಗದ ಆಧಾರ ಕುಸಿಯಿತು. ವಾದ ನಿಂತದ್ದು ಕೋತಿಗಳ ಮೇಲಿನ ಪ್ರಯೋಗಗಳು ಮತ್ತು ಮುಂಬೈಯ ರೋಗಿಗಳಿಂದ. ಅಗ್ಗದ ಯೀಸ್ಟ್ ಸಾರವಾದ ಮಾರ್ಮೈಟ್ ಕೊಟ್ಟಾಗ ಅವರು ಚೇತರಿಸಿಕೊಂಡದ್ದನ್ನು ವಿಲ್ಸ್ 1931ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ವರದಿ ಮಾಡಿದರು. ಯಕೃತ್ತಿನ ಕಚ್ಚಾ ಸಾರ ಈ ರೋಗಿಗಳಲ್ಲಿ ಗುಣ ತೋರಿತು, ಶುದ್ಧೀಕರಿಸಿದ್ದು ತೋರಲಿಲ್ಲ ಎಂಬುದೂ ಅಷ್ಟೇ ಮುಖ್ಯ. ಶುದ್ಧ ಸಾರದಲ್ಲಿದ್ದದ್ದು ಮುಂದೆ ಬಿ12 ಎಂದು ಗುರುತಿಸಲಾದ ಜೀವಸತ್ವ. ಅಂದರೆ ಕಾಣೆಯಾಗಿದ್ದ ಅಂಶ ಅದಲ್ಲ, ಇನ್ನೊಂದು.

ವಿಲ್ಸ್ ಫೋಲಿಕ್ ಆಮ್ಲವನ್ನು, ಅಂದರೆ ಫೋಲೇಟ್‌ನ ಒಂದು ರೂಪವನ್ನು, ಕಂಡುಹಿಡಿದರು ಎನ್ನುವುದು ಸರಿಯಲ್ಲ. ‘ವಿಲ್ಸ್ ಅಂಶ’ ಎಂದು ಹೆಸರಾದ ಆ ಕಾಣೆಯಾದ ಅಂಶ ಇದೆಯೆಂದು ಅವರು ತೋರಿಸಿದರು. 1941ರಲ್ಲಿ ಮಿಚೆಲ್, ಸ್ನೆಲ್ ಮತ್ತು ವಿಲಿಯಮ್ಸ್ ಟನ್‌ಗಟ್ಟಲೆ ಪಾಲಕ್ ಸೊಪ್ಪಿನಿಂದ ಫೋಲಿಕ್ ಆಮ್ಲವನ್ನು ಬೇರ್ಪಡಿಸಿದರು. ಅದನ್ನು ಕೃತಕವಾಗಿ ತಯಾರಿಸಿದ್ದು 1945ರ ಹೊತ್ತಿಗೆ, ಯಲ್ಲಾಪ್ರಗಡ ಸುಬ್ಬರಾವ್ ಸಂಶೋಧನಾ ನಿರ್ದೇಶಕರಾಗಿದ್ದ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ. ಭಾರತ ಸರ್ಕಾರ 1970ರಲ್ಲಿ ಕಬ್ಬಿಣ–ಫೋಲಿಕ್ ಆಮ್ಲದ ಮಾತ್ರೆಗಳ ಕಾರ್ಯಕ್ರಮ ಆರಂಭಿಸಿತು. ಗುಳಿಗೆ ಬಂದ ಮೇಲೆ ಸೊಪ್ಪು ಸಂಶೋಧಕರ ಗಮನದಿಂದ ಬಹುಮಟ್ಟಿಗೆ ಸರಿಯಿತು. ಮುಂಬೈಯ ಕನ್ನಡ, ತುಳು ಮನೆಗಳ ಹರಿವೆ, ಬಸಳೆಯಂಥ ಸೊಪ್ಪುಗಳಲ್ಲೂ ಫೋಲೇಟ್ ಇದೆ. ಆದರೆ ಅದು ನೀರಿನಲ್ಲಿ ಕರಗುತ್ತದೆ, ಬಿಸಿಗೆ ಕೆಡುತ್ತದೆ. ಸೊಪ್ಪು ಬೇಯಿಸಿದ ನೀರನ್ನು ಚೆಲ್ಲಿದರೆ ನಷ್ಟ ಹೆಚ್ಚು.

ಸೊಪ್ಪನ್ನೇ ಪರೀಕ್ಷೆಗೆ ಒಡ್ಡಿದ್ದು ‘ಸರಸ್’ ಎಂದು ಹೆಸರಾದ ಮುಂಬೈ ತಾಯಂದಿರ ಪೋಷಣೆ ಯೋಜನೆ. 2006ರಲ್ಲಿ ಆರಂಭವಾದ ಇದರಲ್ಲಿ ನಗರದ ಕೊಳೆಗೇರಿಗಳ 6,513 ಹೆಂಗಸರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಲಾಯಿತು. ಒಂದು ಗುಂಪಿಗೆ ಸೊಪ್ಪು, ಹಣ್ಣು, ಹಾಲು ಸೇರಿಸಿದ ತಿಂಡಿ. ಇನ್ನೊಂದಕ್ಕೆ ಆಲೂಗಡ್ಡೆ, ಈರುಳ್ಳಿಯಂಥವುಗಳ ತಿಂಡಿ. ಗರ್ಭ ಧರಿಸುವ ಮೊದಲೇ ಶುರುಮಾಡಿ ಹೆರಿಗೆಯವರೆಗೆ ಕೊಡುವುದು ಇದರ ವಿಶೇಷ. 2014ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಒಟ್ಟಾರೆ ಶಿಶುಗಳ ಜನನತೂಕದಲ್ಲಿ ಖಚಿತವಾದ ಹೆಚ್ಚಳ ಕಾಣಲಿಲ್ಲ. ಗರ್ಭಧಾರಣೆಗೆ ಕನಿಷ್ಠ 90 ದಿನ ಮೊದಲೇ ತಿಂಡಿ ಆರಂಭಿಸಿದವರ ಶಿಶುಗಳ ತೂಕ ಮಾತ್ರ ಸರಾಸರಿ 48 ಗ್ರಾಂ ಹೆಚ್ಚಿತ್ತು. ಆ ಲಾಭವೂ ತೀರ ಕೃಶರಾದ ತಾಯಂದಿರಿಗೆ ದಕ್ಕಲಿಲ್ಲ. ಯಾರಿಗಾಗಿ ಯೋಜನೆ ಹುಟ್ಟಿತೋ ಅವರೇ ಹೊರಗುಳಿದದ್ದು ಈ ಅಧ್ಯಯನದ ಅತಿ ಕಳವಳದ ಅಂಶ.

ಇದೇ ಯೋಜನೆಯ ಮತ್ತೊಂದು ವರದಿ ಗರ್ಭಾವಧಿಯ ಮಧುಮೇಹವನ್ನು ಕುರಿತದ್ದು. ಸೊಪ್ಪಿನ ತಿಂಡಿಯ ಗುಂಪಿನಲ್ಲಿ ಅದು ಶೇ. 7.3, ಇನ್ನೊಂದರಲ್ಲಿ ಶೇ. 12.4. ಇದನ್ನು ಕೇವಲ ಸಸ್ಯಾಹಾರದ ಗೆಲುವೆಂದು ಓದುವುದು ಅವಸರವಾದೀತು. ಸಸ್ಯಗಳಲ್ಲಿ ಸಿಗದ ಬಿ12 ತಿಂಡಿಯ ಹಾಲಿನಲ್ಲಿತ್ತು, ಮತ್ತು ಸೊಪ್ಪು, ಹಣ್ಣು, ಹಾಲುಗಳ ಪಾಲನ್ನು ಬಿಡಿಬಿಡಿಯಾಗಿ ಅಳೆಯುವಂತೆ ಈ ಪ್ರಯೋಗವನ್ನು ರೂಪಿಸಿರಲಿಲ್ಲ.