ಐವತ್ತು ಪ್ರತಿ ಸಾಕು

ಈ ಸಲದ ಕಂತಿನಲ್ಲಿ ಸಮಯ ಸಾಲದೆ ಬಿಟ್ಟ ಒಂದಷ್ಟು ವಿಷಯ ಇಲ್ಲಿ ಬರೀತಿದ್ದೀನಿ. ಇಂಟರ್ನೆಟ್ ಬರೋಕೆ ಮುಂಚೆ ವೈಜ್ಞಾನಿಕ ಕತೆಗಳನ್ನ ಹುಚ್ಚು ಹಿಡಿದವರ ಹಾಗೆ ಓದುತ್ತಿದ್ದವರು ತಾವೇ ಪತ್ರಿಕೆ ಮಾಡಿ ಹಂಚುತ್ತಿದ್ದರಲ್ಲ, ಅದರ ಕತೆ. ಸಿಂಗಾಪುರದಲ್ಲಿ ಕೂತು ಮಕ್ಕಳಿಗೆ ಕನ್ನಡ ಕಲಿಸೋಕೆ ಒದ್ದಾಡುವ ನಮಗೆ ಇದರಿಂದ ಏನು ಉಪಯೋಗ ಅಂತ ಕೇಳಬಹುದು. ಉಪಯೋಗ ಇದೆ, ಅಲ್ಲಿಗೇ ಬರ್ತೀನಿ.

1926ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಹ್ಯೂಗೋ ಗರ್ನ್ಸ್‌ಬ್ಯಾಕ್ ಎಂಬುವರು ‘ಅಮೇಜಿಂಗ್ ಸ್ಟೋರೀಸ್’ ಪತ್ರಿಕೆ ಶುರು ಮಾಡಿದರು. ಪೂರ್ತಿ ವೈಜ್ಞಾನಿಕ ಕತೆಗಳಿಗೇ ಮೀಸಲಾದ ಪತ್ರಿಕೆ. ಅದರಲ್ಲಿ ಓದುಗರ ಪತ್ರಗಳನ್ನ ಅವರವರ ವಿಳಾಸದ ಜೊತೆಗೇ ಅಚ್ಚು ಹಾಕುತ್ತಿದ್ದರು. ಸಣ್ಣ ವಿಷಯ ಅನ್ನಿಸುತ್ತೆ, ಆದರೆ ಎಲ್ಲ ಶುರುವಾಗಿದ್ದು ಅಲ್ಲಿಂದಲೇ. ತನ್ನೂರಿನಲ್ಲಿ ಇಂಥದ್ದನ್ನ ಓದೋನು ತಾನೊಬ್ಬನೇ ಅಂದುಕೊಂಡಿದ್ದ ಹುಡುಗನಿಗೆ, ನೂರಾರು ಮೈಲಿ ಆಚೆ ತನ್ನಂಥ ಇನ್ನೊಬ್ಬ ಇದ್ದಾನೆ ಅಂತ ಗೊತ್ತಾಯಿತು. ಸಂಪಾದಕರನ್ನ ಬಿಟ್ಟು ಓದುಗರು ಓದುಗರಿಗೇ ಕಾಗದ ಬರೆಯತೊಡಗಿದರು, ಆಮೇಲೆ ಸಂಘಗಳಾದವು. 1930ರ ಮೇ ತಿಂಗಳಲ್ಲಿ ಅಂಥ ಒಂದು ಸಂಘ ‘ದಿ ಕಾಮೆಟ್’ ಎಂಬ ಪುಟ್ಟ ಪತ್ರಿಕೆ ಹೊರತಂದಿತು. ಈ ಬಗೆಯ ಪತ್ರಿಕೆಗಳಲ್ಲಿ ಇದೇ ಮೊದಲನೆಯದು ಅಂತ ಸಾಮಾನ್ಯವಾಗಿ ಹೇಳ್ತಾರೆ. ‘ಫ್ಯಾನ್‌ಜೀನ್’ ಅನ್ನೋ ಹೆಸರು ಬಂದದ್ದು ಹತ್ತು ವರ್ಷ ಕಳೆದ ಮೇಲೆ, 1940ರಲ್ಲಿ. ಲೂಯಿ ರಸೆಲ್ ಶೋವನೆ ಎಂಬ ಅಭಿಮಾನಿ ಆ ಪದ ಹುಟ್ಟಿಸಿದರು.

ಇವನ್ನ ಮಾಡುತ್ತಿದ್ದದ್ದು ಹೇಗೆ? ಅಚ್ಚುಕೂಟಕ್ಕೆ ಕೊಡುವಷ್ಟು ದುಡ್ಡು ಯಾರ ಹತ್ತಿರವೂ ಇರಲಿಲ್ಲ. ಅಗ್ಗದ ದಾರಿ ಅಂದರೆ ಜೆಲಟಿನ್ ತಟ್ಟೆ. ವಿಶೇಷ ನೇರಳೆ ಶಾಯಿಯಲ್ಲಿ ಬರೆದ ಹಾಳೆಯನ್ನ ಅದರ ಮೇಲೆ ಒತ್ತಿದರೆ ಅಕ್ಷರ ಅಂಟಿಕೊಳ್ಳುತ್ತೆ. ಆಮೇಲೆ ಬಿಳಿ ಹಾಳೆ ಒಂದೊಂದಾಗಿ ಒತ್ತಿ ತೆಗೀಬೇಕು. ಸುಮಾರು 50 ಪ್ರತಿ ಆಗೋ ಹೊತ್ತಿಗೆ ಶಾಯಿ ಮಂಕು. ಸ್ವಲ್ಪ ಅನುಕೂಲ ಇದ್ದವರಿಗೆ ನಮ್ಮಲ್ಲಿ ಸೈಕ್ಲೋಸ್ಟೈಲ್ ಅಂತ ಕರೀತಿದ್ದ ಯಂತ್ರ. ಮೇಣದ ಸ್ಟೆನ್ಸಿಲ್ ಹಾಳೆಯ ಮೇಲೆ ರಿಬ್ಬನ್ ತಾಗದ ಹಾಗೆ ಟೈಪ್ ಮಾಡಿದರೆ ಅಕ್ಷರದ ಆಕಾರಕ್ಕೆ ಮೇಣ ಸರಿದು, ಆ ಸಂದಿನಿಂದ ಶಾಯಿ ಇಳಿದು ಕಾಗದಕ್ಕೆ ಹತ್ತುತ್ತೆ. ತಪ್ಪಾದರೆ ದ್ರವ ಬಳಿದು ಮುಚ್ಚಿ ಮತ್ತೆ ಟೈಪ್ ಮಾಡಬೇಕು. ತಾಳ್ಮೆ ಇಲ್ಲದವರ ಪತ್ರಿಕೆಯಲ್ಲಿ ತಪ್ಪುಗಳು ಹಾಗೇ ಉಳಿದುಬಿಡುತ್ತಿದ್ದವು. ಅದಕ್ಕೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಬೆಲೆಯ ವ್ಯವಹಾರವೂ ಮಜವಾಗಿತ್ತು. ಎಷ್ಟೋ ಪತ್ರಿಕೆಗಳಿಗೆ ಚಂದಾ ಕೊಡಲೇಬೇಕು ಅಂತ ಇರಲಿಲ್ಲ. ನಿಮ್ಮ ಪತ್ರಿಕೆ ಕಳಿಸಿದರೆ ನಮ್ಮದು ಕಳಿಸ್ತೀವಿ. ಪತ್ರಿಕೆ ಇಲ್ಲವಾ? ನಮ್ಮ ಸಂಚಿಕೆ ಓದಿ ಏನನ್ನಿಸಿತು ಅಂತ ಒಂದು ಕಾಗದ ಬರೀರಿ, ಸಾಕು. ಅಂದರೆ ಸುಮ್ಮನೆ ಓದಿ ಮುಚ್ಚಿಡೋ ಹಾಗಿಲ್ಲ, ಓದಿದವರು ಬರೆಯಲೇಬೇಕು.

ಇದರಿಂದ ಹೊರಬಂದವರನ್ನ ನೋಡಿ. ರೇ ಬ್ರಾಡ್‌ಬರಿ 1939ರಲ್ಲಿ, ಇನ್ನೂ 18ರ ಹುಡುಗ, ‘ಫ್ಯೂಚೂರಿಯಾ ಫ್ಯಾಂಟೇಸಿಯಾ’ ಅಂತ ಶುರು ಮಾಡಿದರು. ಬಂದದ್ದು ನಾಲ್ಕೇ ಸಂಚಿಕೆ. ಇಂಗ್ಲೆಂಡಿನ ನನೀಟನ್ ಊರಲ್ಲಿ ಮಾರಿಸ್ ಹ್ಯಾನ್ಸನ್ 1936ರಲ್ಲಿ ‘ನೋವಿ ಟೆರಿ’ ಆರಂಭಿಸಿದರು. ಅದು ಲಂಡನ್ನಿಗೆ ಬಂದಾಗ ಸಂಪಾದನೆಗೆ ಕೈಹಾಕಿದವರಲ್ಲಿ ಆರ್ಥರ್ ಸಿ. ಕ್ಲಾರ್ಕ್ ಒಬ್ಬರು. ಅದೇ ಪತ್ರಿಕೆ 1939ರಲ್ಲಿ ‘ನ್ಯೂ ವರ್ಲ್ಡ್ಸ್’ ಆಗಿ, 1946ರಿಂದ ಅಂಗಡಿಯಲ್ಲಿ ಮಾರಾಟವಾಗುವ ಪತ್ರಿಕೆಯಾಯಿತು. ಕ್ಲಾರ್ಕ್ 1945ರಲ್ಲಿ ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಉಪಗ್ರಹ ಇಟ್ಟು ಜಗತ್ತಿಗೆಲ್ಲ ಸಂಪರ್ಕ ಕೊಡಬಹುದು ಅಂತ ಲೇಖನ ಬರೆದರು. 1971ರಲ್ಲಿ ನಮ್ಮ ಸೆಂಟೋಸಾದಲ್ಲಿ ಉಪಗ್ರಹ ಕೇಂದ್ರ ಶುರುವಾದಾಗ ಅದರ ದೊಡ್ಡ ತಟ್ಟೆ ಮುಖ ಮಾಡಿದ್ದು ಅಂಥ ಎತ್ತರದ ಕಡೆಗೇ.

ಹಾಗಾದರೆ ಸಿಂಗಾಪುರದಲ್ಲೇ? ಇಲ್ಲಿ ವೈಜ್ಞಾನಿಕ ಕತೆ ಸಂಸ್ಥೆಯ ಬಾಗಿಲಿಂದ ಬಂತು ಅನ್ನಬಹುದು. ಜುರಾಂಗ್‌ನ ಸೈನ್ಸ್ ಸೆಂಟರ್ ತೆರೆದದ್ದು 1977ರಲ್ಲಿ. 1980ರಲ್ಲಿ ‘ಸಿಂಗಾಪುರ್ ಸೈನ್ಸ್ ಫಿಕ್ಷನ್’ ಎಂಬ ಸಂಕಲನ ಬಂತು. ಅದರ ಮೂವರು ಸಂಪಾದಕರಲ್ಲಿ ಆರ್. ಎಸ್. ಭಾತಲ್ ಆ ಸೈನ್ಸ್ ಸೆಂಟರಿನ ನಿರ್ದೇಶಕರಾಗಿದ್ದವರು. ಉಳಿದಿಬ್ಬರು ಡಡ್ಲಿ ಡಿಸೋಜಾ ಮತ್ತು ಕಿರ್ಪಾಲ್ ಸಿಂಗ್. ಅಭಿಮಾನಿಗಳೇ ಮಾಡಿದ ಪತ್ರಿಕೆ ಬೇಕು ಅಂದರೆ ಸಂಗೀತದ ಕಡೆ ತಿರುಗಬೇಕು. 1985ರಲ್ಲಿ ಮೈಕಲ್ ಚಿಯಾ, ಫಿಲಿಪ್ ಚಿಯಾ, ಸ್ಟೀಫನ್ ಟಾನ್ ಸೇರಿ ಜೆರಾಕ್ಸ್ ಮಾಡಿ ಹೊರತಂದ ‘ಬಿಗ್ ಓ’. ಸ್ಥಳೀಯ ರಾಕ್ ಬ್ಯಾಂಡುಗಳ ಬಗ್ಗೆ ಅಕ್ಕರೆಯಿಂದ ಬರೆದ ಈ ಪತ್ರಿಕೆ 1990ರ ಹೊತ್ತಿಗೆ ಅಂಗಡಿಗೂ ಬಂತು. 1974ರ ಕಾಯ್ದೆಯಂತೆ ಪತ್ರಿಕೆ ನಡೆಸೋಕೆ ಸರಕಾರದ ಪರವಾನಗಿ ಬೇಕಾದ ಊರು ಇದು. ಇಲ್ಲೂ ಒಂದು ಜೆರಾಕ್ಸ್ ಯಂತ್ರದಿಂದ ಅಷ್ಟು ಸಾಧ್ಯವಾಯಿತು.

ಇನ್ನು ಕನ್ನಡ. 1918ರಲ್ಲೇ ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ‘ವಿಜ್ಞಾನ’ ಎಂಬ ಮಾಸಪತ್ರಿಕೆ ತಂದರು. ಎರಡು ವರ್ಷ ನಡೆಯಿತು. ಕಾಲೇಜು, ಹಾಸ್ಟೆಲುಗಳಲ್ಲಿ ಕೈಬರಹದ ಪತ್ರಿಕೆ ಮಾಡುವ ಸಂಪ್ರದಾಯವೂ ಇತ್ತು. ಆದರೆ ವೈಜ್ಞಾನಿಕ ಕತೆಗೇ ಅಂತ ಅಭಿಮಾನಿಗಳ ದೊಡ್ಡ ಪತ್ರಿಕಾ ಪರಂಪರೆ ನಮ್ಮಲ್ಲಿ ಬೆಳೆಯಲಿಲ್ಲ. ಯಾಕೆ? ನನಗೆ ಹೊಳೆಯುವ ಕಾರಣ ಇದು. ಅಮೆರಿಕದಲ್ಲಿ ಇಂಥ ಕತೆ ಅಂದರೆ ಮೂಗು ಮುರಿಯುತ್ತಿದ್ದರು, ಅದಕ್ಕೇ ಅದರ ಓದುಗರು ಬೇರೆ ಪಂಗಡ ಕಟ್ಟಿಕೊಂಡರು. ಕನ್ನಡದಲ್ಲಿ ರಾಜಶೇಖರ ಭೂಸನೂರಮಠರಂಥವರ ಕತೆ ಓದೋಕೆ ಬೇರೆ ಪಂಗಡ ಬೇಕಿರಲಿಲ್ಲ. ‘ಕಸ್ತೂರಿ’, ‘ಸುಧಾ’ ಓದುವ ಮನೆಗಳಲ್ಲಿ ಎಲ್ಲ ಬಗೆಯ ಬರಹವೂ ಒಂದೇ ಪತ್ರಿಕೆಯಲ್ಲಿ ಸಿಗುತ್ತಿತ್ತು. ಇನ್ನೊಂದು ವ್ಯತ್ಯಾಸವೂ ಇದೆ. ಕೈಬರಹದ ಪತ್ರಿಕೆ ಒಂದೇ ಪ್ರತಿ, ಓದುಗರು ಅದರ ಹತ್ತಿರ ಹೋಗಬೇಕು. ಫ್ಯಾನ್‌ಜೀನ್ 50 ಪ್ರತಿ, ಅಂಚೆಯಲ್ಲಿ ಅದೇ ಓದುಗರ ಹತ್ತಿರ ಹೋಗುತ್ತೆ. ಒಂದೇ ಕಡೆ ಇರುವವರಿಗೆ ಮೊದಲನೆಯದು ಸಾಕು. ಚೆದುರಿ ಹೋದವರಿಗೆ ಎರಡನೆಯದೇ ಬೇಕು.

ನಾವೀಗ ಚೆದುರಿ ಹೋದವರು. ಇಲ್ಲಿನ ಶಾಲೆಗಳಲ್ಲಿ ತಮಿಳು ಇದೆ. ತಮಿಳು ಬಿಟ್ಟರೆ ಬಂಗಾಳಿ, ಗುಜರಾತಿ, ಹಿಂದಿ, ಪಂಜಾಬಿ, ಉರ್ದುಗೆ ಅವಕಾಶ ಇದೆ. ಆ ಪಟ್ಟಿಯಲ್ಲಿ ಕನ್ನಡ ಇಲ್ಲ. ಹಾಗಾಗಿ ನಮ್ಮ ಮಕ್ಕಳ ಕನ್ನಡ ಮಾತಿನಲ್ಲಿ ಉಳಿದರೂ ಬರಹದಲ್ಲಿ ಜಾರಿಹೋಗುತ್ತೆ. ಅವರಿಗೆ ನಾವು ಕೊಡೋದು ಓದೋ ಪುಸ್ತಕ, ಅದೂ ದೊಡ್ಡವರು ಬರೆದದ್ದು. ಅವರು ಬರೆದದ್ದನ್ನ ಕಾಯುವ ಓದುಗರು ಎಲ್ಲಿದ್ದಾರೆ?

ಹತ್ತು ಮಕ್ಕಳು, ಆರು ಪುಟ, ಮಂಗಳ ಗ್ರಹದಲ್ಲಿ ಕಳೆದುಹೋದ ಅಜ್ಜಿಯ ಕತೆಯೋ, ಎಂಆರ್‌ಟಿ ರೈಲು ನೇರ ಹಾಸನಕ್ಕೆ ಹೋಗಿಬಿಡುವ ಕತೆಯೋ, ಏನಾದರೂ ಇರಲಿ. ಒತ್ತಕ್ಷರ ತಪ್ಪಿದರೆ ತಪ್ಪಲಿ. ಜೆರಾಕ್ಸ್ ಮಾಡಿ ಮೈಸೂರಿನ ತಾತನಿಗೊಂದು, ಸಿಡ್ನಿಯ ಚಿಕ್ಕಮ್ಮನಿಗೊಂದು ಅಂಚೆಯಲ್ಲಿ ಹೋಗಲಿ. ಬೆಲೆ ಮಾತ್ರ ಹಳೆಯದೇ ಇಡಬೇಕು: ಓದಿದವರು ಕನ್ನಡದಲ್ಲಿ ಒಂದು ಕಾಗದ ಬರೆದು ಕಳಿಸಬೇಕು.