ಮೌಸರ್ ಪಿಸ್ತೂಲಿನ ಗುರುತೂ ಮೌಲ್ಯವೂ

ಮುಂಬಯಿಗೆ ಹೊಸದಾಗಿ ಬಂದ ಕನ್ನಡಿಗನ ಕಿವಿಗೆ ಇಲ್ಲಿಯ ‘ಭಂಗಾರ’ವೆಂಬ ಶಬ್ದವು ಮೊದಮೊದಲು ಬಂಗಾರವೆಂದೇ ಕೇಳಿಸುವುದುಂಟು. ಕುರ್ಲಾದ ಹಳೆಗಬ್ಬಿಣದ ಮಳಿಗೆಗಳ ಸಾಲನ್ನು ಒಮ್ಮೆ ಹಾದುಬಂದವನಿಗೆ ಅದರ ನಿಜಾರ್ಥವು ತಿಳಿಯದೆ ಇರದು. ಅಲ್ಲಿ ವಸ್ತುವಿಗೆ ಬೆಲೆ ಕಟ್ಟುವುದು ತಕ್ಕಡಿ. ಹಳೆಯ ಆಯುಧದ ಬೆಲೆಯನ್ನಾದರೋ ತೂಕದಿಂದಾಗಲಿ ಹೊಳಪಿನಿಂದಾಗಲಿ ಕಟ್ಟಲಾಗದು. ಅದರ ಮೈಮೇಲಿನ ಅಕ್ಷರಗಳನ್ನೂ ಅಂಕೆಗಳನ್ನೂ ಓದಿಯೇ ಕಟ್ಟಬೇಕು. ಭಾರತದ ಸ್ವಾತಂತ್ರ್ಯ ಸಮರದೊಡನೆ ಹೆಣೆದುಕೊಂಡಿರುವ ಜರ್ಮನಿಯ ಮೌಸರ್ ಪಿಸ್ತೂಲು ಇದಕ್ಕೆ ನಿದರ್ಶನವಾಗಿದೆ.

ನೆಕರ್ ನದಿಯ ದಡದ ಒಬರ್ನ್‌ಡೋರ್ಫ್ ಪಟ್ಟಣದ ಕಾರ್ಖಾನೆಯಲ್ಲಿ ಈ ಪಿಸ್ತೂಲು ೧೮೯೬ರಿಂದ ನಾಲ್ಕು ದಶಕಗಳ ಕಾಲ ತಯಾರಾಯಿತು. ಇದನ್ನು ದೂರದಿಂದಲೇ ಗುರುತಿಸಬಹುದು. ತೋಟಾಗಳ ಗೂಡು ಹಿಡಿಯೊಳಗಿಲ್ಲ, ಕುದುರೆಯ ಮುಂಭಾಗದಲ್ಲಿದೆ. ಹಿಡಿಯು ಕಸಬರಿಗೆಯ ಹಿಡಿಯಂತೆ ದುಂಡಗಿದೆ. ಮರದ ಒರೆಯನ್ನೇ ಹಿಡಿಗೆ ಸಿಕ್ಕಿಸಿ, ಭುಜಕ್ಕೆ ಆನಿಸಿ ಬಂದೂಕಿನಂತೆ ಹಾರಿಸಬಹುದು. ನಳಿಗೆಯ ವ್ಯಾಸ ಸಾಮಾನ್ಯವಾಗಿ ೭.೬೩ ಮಿಲಿಮೀಟರ್. ಮೊದಲನೆಯ ಮಹಾಯುದ್ಧದ ನಡುವೆ, ೧೯೧೬ರಲ್ಲಿ, ಪ್ರಷ್ಯದ ಸೈನ್ಯವು ೯ ಮಿಲಿಮೀಟರಿನ ಒಂದೂವರೆ ಲಕ್ಷ ಪಿಸ್ತೂಲುಗಳನ್ನು ಬೇಡಿತು. ಸಿಪಾಯಿಗಳು ತೋಟಾಗಳನ್ನು ಅದಲುಬದಲು ಮಾಡದಿರಲೆಂದು ಅವುಗಳ ಮರದ ಹಿಡಿಯಲ್ಲಿ ೯ರ ಅಂಕೆಯನ್ನು ಕೊರೆದು ಕೆಂಪು ಬಳಿಯಲಾಯಿತು.

ಈ ಕೆಂಪು ಅಂಕೆಯನ್ನು ಕಂಡೊಡನೆ ಸಂಗ್ರಾಹಕರು ಹಿಗ್ಗುವರು. ಆದರೆ ಚೂರಿಯೂ ಬಣ್ಣವೂ ಇದ್ದವನು ಅದನ್ನು ಯಾವ ಹಿಡಿಯ ಮೇಲಾದರೂ ಕೊರೆಯಬಲ್ಲನಷ್ಟೆ! ಆದುದರಿಂದ ನಳಿಗೆಯ ವ್ಯಾಸ, ಸೈನ್ಯದ ಸ್ವೀಕಾರಮುದ್ರೆ, ಕ್ರಮಸಂಖ್ಯೆ ಇವು ಮೂರೂ ಒಂದೇ ಕಥೆಯನ್ನು ಹೇಳುವುವೇ ಎಂದು ನೋಡಬೇಕು. ಬಿಡಿಭಾಗಗಳ ಮೇಲಿನ ಅಂಕೆಗಳು ಮುಖ್ಯ ಸಂಖ್ಯೆಗೆ ಹೊಂದಿಕೊಂಡರೆ ಬೆಲೆ ಏರುತ್ತದೆ. ಮರದ ಒರೆಯ ಸಂಖ್ಯೆಯೂ ಹೊಂದಿದರೆ ಇನ್ನೂ ಏರುತ್ತದೆ. ಹೊಸದಾಗಿ ಮೆರುಗು ಕೊಡಿಸಿದರೆ ಇಳಿಯುತ್ತದೆ. ಪೇಶಾವರದ ಸಮೀಪದ ದರ್ರಾ ಆದಂಖೇಲ್‌ನ ಕಮ್ಮಾರರು ಪಾಶ್ಚಾತ್ಯ ಆಯುಧಗಳನ್ನು ಅಚ್ಚುಹಾಕಿದಂತೆ ಮಾಡಬಲ್ಲವರು. ಆದರೆ ಆ ಮುದ್ರಾಕ್ಷರಗಳ ಕಾಗುಣಿತ ಹಲವೊಮ್ಮೆ ಅವರ ಕೈಕೊಟ್ಟಿದೆ.

ಶಾಸನಗಳನ್ನು ಬಲ್ಲ ನಮ್ಮ ಓದುಗರಿಗೆ ಇದು ಹೊಸತಲ್ಲ. ಮುಂಬಯಿ ಸರಕಾರದ ಸೇವೆಯಲ್ಲಿದ್ದ ಫ್ಲೀಟ್ ಮಹಾಶಯರು ಗಂಗರ ತಾಮ್ರಪಟಗಳಲ್ಲಿ ಅನೇಕವನ್ನು ಕೂಟಶಾಸನಗಳೆಂದು ತಿರಸ್ಕರಿಸಿದ್ದು ಲಿಪಿ, ತಿಥಿ, ವಂಶಾವಳಿಗಳ ಪರಸ್ಪರ ವಿರೋಧವನ್ನು ಹಿಡಿದೇ. ಲೋಹವು ಬೇರೆ, ವಿಧಾನವು ಒಂದೇ.

ಆದರೆ ಮುದ್ರೆಗಳು ಹೇಳುವುದು ಆಯುಧದ ಜನ್ಮವೃತ್ತಾಂತವನ್ನು ಮಾತ್ರ. ಅದು ಯಾರ ಕೈಯಲ್ಲಿತ್ತೆಂಬುದನ್ನು ತಿಳಿಯಲು ಸಂಖ್ಯೆಯೊಡನೆ ಕಾಗದವೂ ಬೇಕು. ೧೯೧೪ರ ಆಗಸ್ಟ್ ೨೬ರಂದು ಕಲ್ಕತ್ತೆಯಲ್ಲಿ ನಡೆದ ಪ್ರಕರಣವನ್ನು ನೋಡಿರಿ. ರಾಡ್ಡಾ ಎಂಬ ಆಯುಧ ವ್ಯಾಪಾರಿಗಳಿಗೆ ಬಂದ ೨೦೨ ಪೆಟ್ಟಿಗೆಗಳನ್ನು ಸುಂಕದ ಕಟ್ಟೆಯಿಂದ ಬಿಡಿಸಿಕೊಂಡ ಗುಮಾಸ್ತ ಶ್ರೀಶಚಂದ್ರ ಮಿತ್ರರು ೧೯೨ನ್ನು ಮಾತ್ರ ಉಗ್ರಾಣಕ್ಕೆ ಮುಟ್ಟಿಸಿ, ಉಳಿದವನ್ನು ತರುವೆನೆಂದು ಹೋದವರು ಮರಳಲಿಲ್ಲ. ಆ ಹತ್ತು ಪೆಟ್ಟಿಗೆಗಳಲ್ಲಿ ೫೦ ಮೌಸರ್ ಪಿಸ್ತೂಲುಗಳೂ ೪೬,೦೦೦ ತೋಟಾಗಳೂ ಇದ್ದವು. ೪೪ ಪಿಸ್ತೂಲುಗಳು ಒಂಬತ್ತು ಕ್ರಾಂತಿಕಾರಿ ತಂಡಗಳಿಗೆ ಹಂಚಿಹೋದವೆಂದು ರೌಲಟ್ ಸಮಿತಿಯ ೧೯೧೮ರ ವರದಿಯು ಹೇಳುತ್ತದೆ. ೧೯೧೫ರ ಸೆಪ್ಟೆಂಬರಿನಲ್ಲಿ ಬಾಲಾಸೋರದ ಬಳಿ ಬಾಘಾ ಜತೀನರೂ ಅವರ ಸಂಗಡಿಗರೂ ಪೋಲೀಸರನ್ನು ಎದುರಿಸಿದ್ದು ಮೌಸರ್ ಹಿಡಿದೇ.

ರಾಡ್ಡಾ ಕಂಪನಿಯವರು ಪ್ರತಿಯೊಂದು ಪಿಸ್ತೂಲಿನ ಸಂಖ್ಯೆಯನ್ನು ಬರೆದಿಟ್ಟಿದ್ದರು. ಆ ಪಟ್ಟಿಯಿಂದಲೇ ಪೋಲೀಸರು ಸಿಕ್ಕ ಆಯುಧಗಳನ್ನು ಗುರುತಿಸಿದರು. ಕ್ರಾಂತಿಕಾರಿಗಳಿಗೆ ಉರುಳಾದ ಅದೇ ದಾಖಲೆಯೇ ಇತಿಹಾಸಕಾರನಿಗೆ ಆಧಾರವಾಗಿದೆ. ಸಮಿತಿಯು ವರದಿ ಬರೆಯುವ ಹೊತ್ತಿಗೆ ಸಿಕ್ಕಿದ್ದು ೩೧ ಮಾತ್ರ. ೧೯ ಹೊರಗೇ ಉಳಿದಿದ್ದವು. ಸಂಖ್ಯೆಯ ಶಕ್ತಿಗೆ ಇನ್ನೊಂದು ಸಾಕ್ಷಿ, ಜರ್ಮನಿಯದಲ್ಲದಿದ್ದರೂ, ಭಗತಸಿಂಹರ ಕೋಲ್ಟ್ ಪಿಸ್ತೂಲು. ಇಂದೂರಿನ ಗಡಿ ಭದ್ರತಾ ದಳದ ಸಂಗ್ರಹಾಲಯದಲ್ಲಿ ಅನೇಕ ಆಯುಧಗಳ ನಡುವೆ ಅನಾಮಧೇಯವಾಗಿ ಬಿದ್ದಿದ್ದ ಅದು, ೧೬೮೮೯೬ ಎಂಬ ಸಂಖ್ಯೆಯು ಲಾಹೋರ್ ಮೊಕದ್ದಮೆಯ ದಾಖಲೆಗೆ ಸರಿಹೊಂದಿದ್ದರಿಂದ ೨೦೧೬ರಲ್ಲಿ ಗುರುತು ಪಡೆಯಿತು.

ಅಜ್ಜನ ಟ್ರಂಕಿನಲ್ಲಿ ಇಂಥದೊಂದು ಕಂಡಾಗ ಮನೆಯವರನ್ನು ಮೊದಲು ಹಿಡಿಯುವುದು ಭಯ. ಆ ಭಯದಿಂದ ಸಂಖ್ಯೆಯನ್ನು ಅರದಿಂದ ಉಜ್ಜುವುದಾಗಲಿ, ಪಿಸ್ತೂಲನ್ನು ತುಂಡರಿಸಿ ಗುಜರಿಗೆ ಹಾಕುವುದಾಗಲಿ ಮಹಾ ಪ್ರಮಾದ. ೧೯೫೯ರ ಆಯುಧ ಕಾಯಿದೆಯ ೮ನೆಯ ಕಲಮು ಸಂಖ್ಯೆಯನ್ನು ಅಳಿಸುವುದನ್ನೇ ನಿಷೇಧಿಸಿದೆ. ೪೫ನೆಯ ಕಲಮಿನಂತೆ ಪುರಾತನ ಆಯುಧಗಳಿಗೆ ವಿನಾಯಿತಿಯುಂಟು. ಆದರೆ ರಿಪೇರಿ ಮಾಡಿದರೂ ಗುಂಡು ಹಾರಿಸಲಾಗದ ಆಯುಧಕ್ಕೆ ಮಾತ್ರ. ಮೌಸರ್ ಅಷ್ಟು ಸುಲಭವಾಗಿ ಸಾಯುವ ಯಂತ್ರವಲ್ಲ. ಇತ್ತ ೧೯೭೨ರ ಪ್ರಾಚ್ಯವಸ್ತು ಕಾಯಿದೆಯು ನೂರು ವರ್ಷ ದಾಟಿದ ಚಾರಿತ್ರಿಕ ವಸ್ತುವನ್ನು ಖಾಸಗಿಯವರು ಪರದೇಶಕ್ಕೆ ಕಳುಹಿಸುವುದನ್ನು ತಡೆಯುತ್ತದೆ. ಹೀಗಿರಲು ವಿದೇಶದ ಹರಾಜುಗಳ ಬೆಲೆಯನ್ನು ಲೆಕ್ಕಹಾಕುತ್ತ ಕೂಡುವುದು ವ್ಯರ್ಥ. ತೋಟಾ ತುಂಬಿದೆಯೆಂದೇ ಭಾವಿಸಿ ಕುದುರೆಯನ್ನು ಮುಟ್ಟದೆ, ಉಜ್ಜದೆ, ಕಾಣುವ ಸಂಖ್ಯೆಮುದ್ರೆಗಳ ಛಾಯಾಚಿತ್ರ ತೆಗೆದು, ಠಾಣೆಗೆ ತಿಳಿಸಿ ಆಯುಧವನ್ನು ಒಪ್ಪಿಸತಕ್ಕದ್ದು. ರಸೀದಿಯಲ್ಲಿ ಸಂಖ್ಯೆಯನ್ನು ತಪ್ಪದೆ ಬರೆಯಿಸಿಕೊಳ್ಳಬೇಕು.