ಕಂಠಾಭರಣದಂತಹ ಸಂಖ್ಯೆ

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಜೈನ ಗಣಿತಜ್ಞರಾದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದರು. ಲೌಕಿಕ ವ್ಯವಹಾರವಿರಲಿ, ಧಾರ್ಮಿಕ ವಿಚಾರವಿರಲಿ, ಗಣಿತದ ನೆರವಿಲ್ಲದೆ ಯಾವುದೂ ಸಾಗದೆಂಬುದು ಅವರ ನಿಲುವು. ಏಕದಿಂದ ಮಹಾಕ್ಷೋಭದವರೆಗೆ 24 ಸಂಖ್ಯಾಸ್ಥಾನಗಳ ಹೆಸರುಗಳನ್ನು ಅವರು ನೀಡಿದ್ದಾರೆ. ಎಂ. ರಂಗಾಚಾರ್ಯರು 1912ರಲ್ಲಿ ಮದ್ರಾಸಿನಿಂದ ಇಂಗ್ಲಿಷ್ ಅನುವಾದ ಸಹಿತವಾಗಿ ಹೊರತಂದ ಮೇಲೆ ಈ ಗ್ರಂಥವು ಆಧುನಿಕ ವಿದ್ವಾಂಸರ ಗಮನ ಸೆಳೆಯಿತು.

ಇದರಲ್ಲಿ ಬರುವ ಒಂದು ದೊಡ್ಡ ಸಂಖ್ಯೆ 12345654321. ಒಂದರಿಂದ ಆರಂಭವಾಗಿ ಆರರವರೆಗೆ ಏರಿ, ಅನಂತರ ಕ್ರಮವಾಗಿ ಇಳಿಯುವ ಸಂಖ್ಯೆಯೆಂದು ಆಚಾರ್ಯರು ಇದನ್ನು ಸೂಚಿಸುತ್ತಾರೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಇದು ಒಂದೇ. ಇಂತಹ ಚೆಲುವಿನ ಕೆಲವು ಗುಣಲಬ್ಧಗಳನ್ನು ಗ್ರಂಥವು ಕಂಠಾಭರಣವೆಂದು ಕರೆಯುತ್ತದೆ. 12345679ನ್ನು 9ರಿಂದ ಗುಣಿಸಿದರೆ 111111111. 142857143ನ್ನು 7ರಿಂದ ಗುಣಿಸಿದರೆ 1000000001.

ಈ ಚೆಲುವು ಪವಾಡವಲ್ಲ, ಅದಕ್ಕೆ ಕಾರಣವುಂಟು. 12345654321 ಎಂಬುದು 111111ರ ವರ್ಗ. ಗುಣಾಕಾರವನ್ನು ಬರೆದಾಗ 111111 ಆರು ಸಾಲುಗಳಲ್ಲಿ, ಪ್ರತಿ ಸಾಲಿಗೂ ಒಂದೊಂದು ಸ್ಥಾನ ಎಡಕ್ಕೆ ಸರಿದು ನಿಲ್ಲುತ್ತದೆ. ಆದುದರಿಂದ ಕಂಬಸಾಲುಗಳ ಮೊತ್ತ 1, 2, 3 ಎಂದು 6ರವರೆಗೆ ಏರಿ, ಅದೇ ರೀತಿ ಇಳಿಯುತ್ತದೆ. ಎಲ್ಲಿಯೂ ದಶಕ ಬಾರದ ಕಾರಣ ಕ್ರಮ ಕೆಡುವುದಿಲ್ಲ. ಒಂಬತ್ತು ಒಂದುಗಳವರೆಗೂ ಹೀಗೆಯೇ. ಹತ್ತು ಒಂದುಗಳ ವರ್ಗವಾದರೋ 1234567900987654321; ಅಲ್ಲಿ ದಶಕವನ್ನು ಎಡಕ್ಕೆ ಒಯ್ಯಬೇಕಾಗಿ ಹಾರದ ಕ್ರಮ ಕೆಡುತ್ತದೆ. ಒಂಬತ್ತು ಬಾರಿ ನಿಜವಾದುದು ಹತ್ತನೆಯ ಬಾರಿಯೂ ನಿಜವೆಂದು ಪರೀಕ್ಷಿಸದೆ ನಂಬುವುದು ಸಮ್ಯಗ್ಜ್ಞಾನವಲ್ಲ.

ಈ ಸಂಖ್ಯೆಯನ್ನು 441ರಿಂದ ಭಾಗಿಸಿದರೆ ಶೇಷವಿಲ್ಲದೆ 27994681 ಬರುತ್ತದೆ. 441 ಎಂಬುದು 21ರ ವರ್ಗ, 27994681 ಎಂಬುದು 5291ರ ವರ್ಗ. 21ನ್ನು 5291ರಿಂದ ಗುಣಿಸಿದರೆ 111111. ಇಷ್ಟು ನಾಣ್ಯಗಳನ್ನು 441 ಜನರಿಗೆ ಹಂಚಿದರೆಂದು ಭಾವಿಸೋಣ. ಎಲ್ಲರಿಗೂ ಸಮಪಾಲು ದೊರೆಯುತ್ತದೆ, ಒಂದು ನಾಣ್ಯವೂ ಉಳಿಯುವುದಿಲ್ಲ. ಆದರೆ ಪಟ್ಟಿಯಲ್ಲಿ ಒಬ್ಬನ ಹೆಸರು ಬಿಟ್ಟುಹೋಗಿ 440 ಎಂದಾದರೆ 121 ನಾಣ್ಯಗಳು ಮಿಗುತ್ತವೆ. ಮೊತ್ತ ಎಷ್ಟೇ ಸುಂದರವಾಗಿದ್ದರೂ ಬಿಟ್ಟುಹೋದವನ ಪಾಲನ್ನು ಅದು ಮರೆಮಾಡಲಾರದು. ಶೇಷವೇ ಸಾಕ್ಷಿ ನುಡಿಯುತ್ತದೆ.

ಬಡ್ಡಿ, ಪಾಲುಗಾರಿಕೆಗಳ ಲೆಕ್ಕವನ್ನೂ ಇದೇ ಗ್ರಂಥದಲ್ಲಿ ಕಲಿಸಿದ ಆಚಾರ್ಯರಿಗೆ ಅಂಕಿಗಳ ವಿನೋದವೂ ವ್ಯವಹಾರದ ಶುದ್ಧಿಯೂ ಬೇರೆಬೇರೆಯಾಗಿರಲಿಲ್ಲ. ವ್ಯಾಪಾರಿಯ ಖಾತೆಯಾಗಲಿ, ಬಸದಿಯ ಜಮಾಖರ್ಚಾಗಲಿ, ಕೊನೆಯ ಮೊತ್ತ ಅಚ್ಚುಕಟ್ಟಾಗಿರುವುದಷ್ಟೇ ಸಾಲದು. ಭಾಗಿಸಿದುದನ್ನು ಮರಳಿ ಗುಣಿಸಿ, ಕೂಡಿದುದನ್ನು ಮರಳಿ ಕಳೆದು ತಾಳೆ ನೋಡಬೇಕು. ದಾನಿಯ ಒಂದು ರೂಪಾಯಿಗೂ ಲೆಕ್ಕ ಸಿಗುವಂತಿದ್ದರೆ ಅದೇ ಸತ್ಯವ್ರತ, ಅದೇ ಅಚೌರ್ಯವ್ರತ.